ರುದ್ರೇಶನ ಜಮೀನನ್ನು ಯಾರೂ ಕಸಿಯಲಿಲ್ಲ

ಬಂಕಾಪುರದಲ್ಲಿ ಈಚೆಗೆ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನ ಹತ್ತಿರ ಎಷ್ಟು ಹೊಲ ಇದೆ ಎಂಬುದರಿಂದಲ್ಲ, ಎಷ್ಟು ಹೊಲ ಹೋಗಿದೆ ಎಂಬುದರಿಂದ. ಹೆದ್ದಾರಿ ಅಗಲವಾಯಿತು, ಅದರ ಪಕ್ಕಕ್ಕೊಂದು ಸಣ್ಣ ರಸ್ತೆ ಬಂತು, ಆಮೇಲೆ ಮೇಲ್ಸೇತುವೆ ಬಂತು. ಯಾರ ಹೊಲದಲ್ಲಿ ಸರ್ಕಾರದವರು ಕಲ್ಲು ನೆಟ್ಟರೋ ಅವರ ಮನೆಯ ಮೇಲೊಂದು ಮನೆ ಎದ್ದಿತು. ಅಂಥವರು ಚಹದಂಗಡಿಗೆ ಬಂದರೆ ಜನ ಬೆಂಚಿನ ಮೇಲೆ ಸರಿದು ಜಾಗ ಬಿಡುತ್ತಾರೆ. "ಅರ್ಧಾನ ಹೋತ್ರಿ, ಅರ್ಧ ಹಂಗ ಉಳೀತು" ಎಂದು ಯಾರಾದರೂ ಹೇಳಿದರೆ ಕೇಳಿದವರು ಲೊಚಗುಟ್ಟಿ, ಪಾಪ, ಇನ್ನೊಂದು ಚಹ ಕೊಡಿಸುತ್ತಾರೆ.

ರುದ್ರೇಶನದು ಒಂದು ಗುಂಟೆಯೂ ಹೋಗಿರಲಿಲ್ಲ. ಅವನಿಗೆ ಚಹ ಕೊಡಿಸುವುದಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಇದರಲ್ಲಿ ತಪ್ಪು ಅವನದೇ. ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಾಗುವಾಗ ಆ ಕಡೆಯ ಪದ್ಧತಿಯಂತೆ ಹಿರಿಯವನು ಪಾಲು ಹಾಕಿದ, ಕಿರಿಯವನು ಆರಿಸಿಕೊಂಡ. ಅಣ್ಣ ಶಂಭುಲಿಂಗ ರಸ್ತೆ ಬದಿಯದೊಂದು, ಬಾವಿ ಕಡೆಯದೊಂದು ಎಂದು ಎರಡು ಪಾಲು ಮಾಡಿ, "ಆರಿಸ್ಕೋ ತಮ್ಮಾ" ಎಂದ. ರುದ್ರೇಶ ಕಣ್ಣುಮುಚ್ಚಿ ಬಾವಿ ಕಡೆಯದನ್ನು ಆರಿಸಿದ. ಕರಿಮಣ್ಣು, ಬೇವಿನ ಮರದ ನೆರಳು, ಲಾರಿಗಳ ಗದ್ದಲವಿಲ್ಲ. ರಸ್ತೆ ಬದಿಯ ಹೊಲ ಪಾಲಿಗೆ ಬಂದ ಅಣ್ಣನನ್ನು ಕಂಡು ಅವನಿಗೆ ಕನಿಕರವೂ ಆಗಿತ್ತು. ಒಂದು ವರ್ಷದ ಮೆಕ್ಕೆಜೋಳದಲ್ಲಿ ಎರಡು ಚೀಲ ಸುಮ್ಮನೆ ಅಣ್ಣನ ಮನೆಗೆ ಕಳಿಸಿಕೊಟ್ಟಿದ್ದ, ನೋಡಿ, ಅಷ್ಟು ಕನಿಕರ.

ಕೆಲವೇ ವರ್ಷಗಳಲ್ಲಿ ಸರ್ಕಾರ ಬಂದು ಶಂಭುಲಿಂಗನ ಪಾಲನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿತು, ನುಂಗಿ ಪರಿಹಾರವನ್ನು ಧಾರಾಳವಾಗಿ ಉಗುಳಿತು. ರುದ್ರೇಶ ಶಿಗ್ಗಾವಿಯ ಕಚೇರಿಗೆ ಹೋಗಿ, "ನಮ್ಮ ಕಡೆಗೂ ಒಂಚೂರು ಬಾಗಿಸಿ ತಗೊಳ್ರಿ ಸಾಹೇಬ್ರ" ಎಂದು ಬೇಡಿಕೊಂಡ. ಅಳತೆಯ ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿ, "ರಸ್ತಿ ಅಂದ್ರ ಏನ್ ಹಾವಂತ ತಿಳದೀಯೇನು, ಕರದ ಕಡೆ ಹೊಳ್ಳಾಕ" ಎಂದು ಕೇಳಿದರು. ಅಂದಿನಿಂದ ರುದ್ರೇಶನ ಎದೆಯಲ್ಲಿ ಒಂದು ಮುಳ್ಳು ಮುರಿದು ಕೂತಿತು. ನನ್ನ ಹೊಲ ಸರ್ಕಾರಕ್ಕೂ ಬೇಡವಾಯಿತಲ್ಲ, ಹಾಗಾದರೆ ನಾನು ಯಾರಿಗೆ ಬೇಕು ಎಂದು ಅವನು ಊಟದ ತಟ್ಟೆ ಮುಂದೆ ಕೂತು ಯೋಚಿಸುತ್ತಿದ್ದ. ಹೆಂಡತಿ ಶೀಲಾ, "ರೊಟ್ಟಿ ಆರತೈತಿ, ಉಣ್ರಿ" ಎನ್ನುತ್ತಿದ್ದಳು.

ಶೀಲಾಳ ತವರು ಸವಣೂರು. ಗಂಡನನ್ನು ಕಳೆದುಕೊಂಡ ತಾಯಿ ಸರೋಜವ್ವನಿಗೆ ಅಲ್ಲಿ ಒಂದು ವೀಳ್ಯದೆಲೆ ತೋಟ, ಇವಳೊಬ್ಬಳೇ ಮಗಳು. ಮಗಳ ಮದುವೆಯಾದ ವರ್ಷದಿಂದ ಸರೋಜವ್ವನದು ಒಂದೇ ರಾಗ: "ಇಲ್ಲೇ ಬಂದು ಇರ್ರಿ, ತೋಟ ನೋಡ್ಕೋರಿ." ರುದ್ರೇಶನಿಗೆ ಜಗತ್ತಿನಲ್ಲಿ ಹೆದರಿಕೆ ಎಂಬುದು ಒಂದೇ ಒಂದಿತ್ತು, ಅದು ಮನೆ ಅಳಿಯ ಆಗುವುದು. ಬೆಳಗಾದರೆ ನಿಚ್ಚಣಿಕೆ ಹತ್ತಿ ಎಲೆ ಕೊಯ್ಯಬೇಕು, ಕೆಳಗೆ ಸರೋಜವ್ವ ಸೊಂಟದ ಮೇಲೆ ಕೈಯಿಟ್ಟು, "ಅದಲ್ಲ, ಅದರ ಬಾಜೂದ್ದು" ಎಂದು ತೋರಿಸಬೇಕು, ದಾರಿಯಲ್ಲಿ ಹೋಗುವವರು ನಿಂತು ನೋಡಬೇಕು.

ಹಾಗಿದ್ದರೂ ಹಬ್ಬಕ್ಕೆ ಅತ್ತೆಯ ಮನೆಗೆ ಹೋಗದೆ ಆದೀತೇ? ಹೋದಾಗ ಓಣಿಯ ಕೊನೆಯ ಮನೆಯ ಶ್ರೀರಾಮನ ಪರಿಚಯವಾಯಿತು. ಶ್ರೀರಾಮನ ಅಜ್ಜ, ಮುತ್ತಜ್ಜ ಎಲ್ಲ ಮಠದಲ್ಲಿ ಶಾಸ್ತ್ರ ಹೇಳಿದವರು. ಶ್ರೀರಾಮ ಮಾತ್ರ ಹುಬ್ಬಳ್ಳಿಯಲ್ಲಿ ಕಚೇರಿ ಇಟ್ಟು, ಯಾವ ದೇಶದಲ್ಲಿ ಜಾಗ ಕೊಂಡರೆ ಒಳ್ಳೆಯದು ಎಂದು ಉಳ್ಳವರಿಗೆ ಸಲಹೆ ಕೊಡುವವನು. ತುಂಬ ಪ್ರಾಮಾಣಿಕ. ಎಷ್ಟೆಂದರೆ, ಜಾಗ ಕೊಳ್ಳಲು ಬಂದವರಿಗೆ ಮೊದಲು ಅಪಾಯವನ್ನೇ ವಿವರಿಸುತ್ತಿದ್ದ, ಅರ್ಧಕ್ಕರ್ಧ ಜನ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು.

ಅವನು ಜಗಲಿಯ ಮೇಲೆ ಲ್ಯಾಪ್‌ಟಾಪಿನಲ್ಲಿ ಒಂದು ನಕಾಶೆ ತೆರೆದು ತೋರಿಸಿದ. ಕೆಲವು ದೇಶ ಹಸಿರು, ಕೆಲವು ಹಳದಿ, ಕೆಲವು ಕೆಂಪು.

"ಹಸಿರು ಅಂದ್ರ ಚಿಂತಿಲ್ಲ" ಎಂದ ಶ್ರೀರಾಮ. "ನೀವು ಕೊಂಡ ಜಾಗ ನಿಮ್ಮದ. ಹಳದಿ ಅಂದ್ರ ಜರಾ ನೋಡ್ಕೊಂಡು ಕಾಲಿಡಬೇಕು. ಈ ಕೆಂಪು ಅದ ಅಲ್ಲ, ಅಲ್ಲೆ ಕಾಲ ಇಡಬ್ಯಾಡ್ರಿ. ಹೊರಗಿನವರು ಜಾಗ ತಗೊಂಡ್ರ ಅಲ್ಲಿನ ಸರ್ಕಾರ ಯಾವಾಗ ಬೇಕಾದ್ರೂ ಸ್ವಾಧೀನ ಮಾಡ್ಕೋತದ."

ಖಾರದ ಚೂಡಾ ಬಾಯಿಗೆ ಹಾಕುತ್ತಿದ್ದ ರುದ್ರೇಶನ ಕೈ ಅಲ್ಲೇ ನಿಂತಿತು.

"ಸ್ವಾಧೀನ?"

"ಹೌದು. ಬಂದರು ಮಾಡ್ತೇವಿ, ವಿಮಾನ ನಿಲ್ದಾಣ ಮಾಡ್ತೇವಿ ಅಂತ ತಗೊಂಡಬಿಡ್ತಾರ."

"ಎಷ್ಟ ವರ್ಷಕ್ಕ ತಗೋತಾರ್ರಿ?"

"ಹಂಗ ಹೇಳಲಿಕ್ಕೆ ಬರೂದಿಲ್ಲ. ಒಮ್ಮೊಮ್ಮೆ ವರ್ಷದೊಳಗ."

ರುದ್ರೇಶ ಚೂಡಾದ ತಟ್ಟೆಯನ್ನು ಬದಿಗೆ ಸರಿಸಿ, ಪಂಚೆ ಸರಿಮಾಡಿಕೊಂಡು, ನಕಾಶೆಯ ಮೇಲೆ ಬಗ್ಗಿ ಕುಳಿತ. "ಇದರಾಗ ಭಾಳ ಕೆಂಪು ಯಾವುದೈತಿ ತೋರಿಸ್ರಿ."

ಶ್ರೀರಾಮ ತನ್ನ ವೃತ್ತಿಯಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವನು ಕಾನೂನು ಹೇಳಿದ, ಹಿಂದೆ ಮೋಸ ಹೋದವರ ಕಥೆ ಹೇಳಿದ, ಅಲ್ಲಿ ಪರಿಹಾರ ಎಂಬುದು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ ಎಂದೂ ಹೇಳಿದ. ರುದ್ರೇಶನ ಕಿವಿಗೆ ಪರಿಹಾರ ಎಂಬ ಮಾತೊಂದು ಬಿತ್ತು, ಉಳಿದದ್ದು ಹೊರಗೇ ಉಳಿಯಿತು. ಸರ್ಕಾರ ಅಂದ ಮೇಲೆ ಸರ್ಕಾರ. ತಗೊಂಡರೆ ಕೊಟ್ಟೇ ಕೊಡುತ್ತದೆ, ಅಣ್ಣನಿಗೆ ಕೊಡಲಿಲ್ಲವೇ? ಇದು ಅವನ ಲೆಕ್ಕ. ಹೀಗೆ ಅವನು ಸಮುದ್ರದ ನಡುವಿನ ಒಂದು ದ್ವೀಪದೇಶವನ್ನು ಆರಿಸಿದ. ಅದರ ಹೆಸರು ಇಲ್ಲಿ ಬೇಡ. ಇಡೀ ನಕಾಶೆಯಲ್ಲಿ ಅದು ಮೆಣಸಿನಕಾಯಿಯಂತೆ ಕೆಂಪಗೆ ಹೊಳೆಯುತ್ತಿತ್ತು ಎಂದರೆ ಸಾಕು.

ಕೊಳ್ಳಲು ಹಣ ಬೇಕಲ್ಲ. ರುದ್ರೇಶ ಬಾವಿ ಕಡೆಯ ಹೊಲವನ್ನು ಅಣ್ಣನಿಗೇ ಮಾರಿ, ಆ ದುಡ್ಡಿಗೆ ದ್ವೀಪದಲ್ಲಿ ಒಂದು ಬರಡು ಗುಡ್ಡ ಕೊಂಡ. ಶಂಭುಲಿಂಗ ಸಹಿ ಹಾಕಿದ ಮೇಲೆ, "ತಮ್ಮಾ, ಯುಗಾದಿ ತನಕ ನಾ ಅದರಾಗ ನೇಗಿಲ ಇಡಂಗಿಲ್ಲ. ನಿನ್ನ ದ್ವೀಪ ಹೋಗಿ ಪರಿಹಾರ ಬಂತಂದ್ರ ಅದ ರೇಟಿಗೆ ತಿರುಗಿ ತಗೋ" ಎಂದು ದೊಡ್ಡ ಮನಸ್ಸು ಮಾಡಿ ಹೇಳಿದ. ಹೇಳುವಾಗ ನಗು ತಡೆಯಲು ಮೀಸೆ ಹಿಡಿದುಕೊಂಡಿದ್ದ.

ಶೀಲಾಗೆ ವಿಷಯ ಗೊತ್ತಾದದ್ದು ನೋಂದಣಿ ಮುಗಿದ ಮೇಲೆ. ಅವಳು ಕೂಗಾಡಲಿಲ್ಲ, ಅದೇ ಕೆಟ್ಟದ್ದು. ಗಂಡನ ಮುಂದೆ ಬಂದು ಕುಳಿತು ಮೆತ್ತಗೆ ಹೇಳಿದಳು.

"ಯುಗಾದಿಗೆ ನಮ್ಮ ಹೊಲ ನಮಗ ತಿರುಗಿ ಬರ್ಬೇಕು. ಬರ್ಲಿಲ್ಲಂದ್ರ ನಾ ಸವಣೂರಿಗೆ ಹೊಂಟೆ. ನೀವೂ ಬರಾವ್ರ. ಅವ್ವಗ ಹೇಳೇನಿ."

"ಅವ್ವ ಏನಂದ್ರು?"

"ಹೊಸಾ ನಿಚ್ಚಣಿಕಿ ಮಾಡಸ್ತೇನಿ ಅಂದ್ಳು."

ಇಷ್ಟಾದ ಮೇಲೆ ರುದ್ರೇಶನ ಪಾಲಿಗೆ ಆ ದ್ವೀಪದ ಸರ್ಕಾರವೇ ದೇವರಾಯಿತು. ಬೇಗ ಬಂದು ತನ್ನ ಜಮೀನು ಕಸಿದುಕೊಳ್ಳಲಿ ಎಂದು ಮುಂಜಾನೆ ಎದ್ದು ಕೈಮುಗಿದು ಬೇಡಿಕೊಳ್ಳುತ್ತಿದ್ದ. ಶ್ರೀರಾಮನಿಗೆ ದಿನಕ್ಕೊಂದು ಫೋನು: "ನೋಟಿಸ್ ಬಂತೇನ್ರಿ?" ಶ್ರೀರಾಮ ಮೊದಮೊದಲು ಸಮಾಧಾನ ಹೇಳಲು ಹೋಗಿ, "ಬಂದಿಲ್ಲ, ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಹಾಗೆಂದಾಗಲೆಲ್ಲ ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸುತ್ತಿತ್ತು. ಇತ್ತ ಚಹದಂಗಡಿಯಲ್ಲಿ ಮಾತ್ರ ರುದ್ರೇಶನಿಗೆ ಬೆಂಚಿನ ತುದಿಯಲ್ಲಿ ಅರ್ಧ ಜಾಗ ಸಿಗತೊಡಗಿತು. ಎಷ್ಟೆಂದರೂ ಅವರೆಲ್ಲರದು ಹೋಗಿದ್ದು ಹಾವೇರಿ ಜಿಲ್ಲೆಯೊಳಗೆ, ಇವನದು ಹೋಗಲಿದ್ದದ್ದು ಕಡಲಾಚೆ.

ಬಂಕಾಪುರದವರಿಗೆ ಸ್ವಾಧೀನದ ವಿದ್ಯೆ ಅರೆದು ಕುಡಿದಷ್ಟು ಗೊತ್ತು. ರಸ್ತೆ ಬರುತ್ತದೆಂಬ ಸುದ್ದಿ ಹುಟ್ಟಿದ ವಾರದಲ್ಲಿ ಬರಡು ಹೊಲದಲ್ಲೂ ಮಾವಿನ ತೋಪು ಹುಟ್ಟುತ್ತದೆ, ತಗಡಿನ ಕೊಟ್ಟಿಗೆ ಏಳುತ್ತದೆ, ಹೊಂಡ ತೋಡಿ ಅದಕ್ಕೆ ಬಾವಿ ಎಂದು ಹೆಸರಿಡುತ್ತಾರೆ. ಗಿಡಕ್ಕಿಷ್ಟು, ಕೊಟ್ಟಿಗೆಗಿಷ್ಟು ಎಂದು ಪರಿಹಾರ ಬೇರೆಬೇರೆ ಬರುತ್ತದಲ್ಲ. ಚಹದಂಗಡಿಯವರೆಲ್ಲ ಸೇರಿ ರುದ್ರೇಶನಿಗೆ ಸಲಹೆ ಕೊಟ್ಟರು. "ಬರೇ ಗುಡ್ಡ ಬಿಟ್ರ ಯಾರ್ ಏನ್ ಕೊಡ್ತಾರೋ? ಗಿಡ ಹಚ್ಚಸು" ಎಂದನೊಬ್ಬ. "ಆಡು ಕಟ್ಟಸು, ದನದ ಕೊಟಗಿಗೆ ರೇಟ ಬ್ಯಾರೆ" ಎಂದ ಇನ್ನೊಬ್ಬ, ಹಾನಗಲ್ ಕಡೆಯಿಂದ ಪರಿಹಾರದ ಸಲುವಾಗಿಯೇ ಹೊಲ ಕೊಳ್ಳಲು ಬಂದಿದ್ದವನು.

ರುದ್ರೇಶ ಶ್ರೀರಾಮನ ಬೆನ್ನು ಹತ್ತಿದ. ಶ್ರೀರಾಮ ಹಣೆ ಚಚ್ಚಿಕೊಳ್ಳುತ್ತಲೇ ದ್ವೀಪದಲ್ಲಿ ಆ ಜಾಗ ಕಾಯಲು ಇಟ್ಟಿದ್ದ ಕಾವಲುಗಾರನಿಗೆ ಬರೆದ. ಕಾವಲುಗಾರ ಒಳ್ಳೆಯ ಮನುಷ್ಯ, ಕೆಲಸವಿಲ್ಲದೆ ಬೇಸತ್ತಿದ್ದ. ಅವನು ಗುಡ್ಡದ ತುಂಬ ಹಣ್ಣಿನ ಗಿಡ ನೆಟ್ಟ, ತಗಡಿನ ಕೊಟ್ಟಿಗೆ ಕಟ್ಟಿದ, ಆಡು ತಂದು ಕಟ್ಟಿದ, ಫೋಟೋ ತೆಗೆದು ಕಳಿಸಿದ. ಆಡುಗಳು ಗಿಡಗಳನ್ನು ತಿನ್ನುತ್ತಿದ್ದವು, ಕಾವಲುಗಾರ ಮತ್ತೆ ನೆಡುತ್ತಿದ್ದ. ರುದ್ರೇಶ ಆ ಫೋಟೋವನ್ನು ಶೀಲಾಗೆ ತೋರಿಸಿದ.

"ಆಡ ಚಲೋ ಅದಾವ" ಎಂದಳು ಶೀಲಾ. "ಯುಗಾದಿ ಹತ್ರ ಬಂತ್ರಿ."

ಮಾಘ ಕಳೆದರೂ ನೋಟಿಸು ಬರಲಿಲ್ಲ. ರುದ್ರೇಶ ತಾನೇ ಅರ್ಜಿ ಹಾಕಲು ನಿಶ್ಚಯಿಸಿದ. ಶಿಗ್ಗಾವಿಯ ಕಚೇರಿ ಎದುರಿಗೆ ಅರ್ಜಿ ಬರೆದುಕೊಡುವವರ ಹತ್ತಿರ ಕುಳಿತು, ಹೇಳಿ ಬರೆಯಿಸಿದ: "ಮಾನ್ಯರೆ, ತಮ್ಮ ಘನ ಸರ್ಕಾರವು ಹೊರಗಿನವರ ಜಮೀನನ್ನು ಕಸಿದುಕೊಳ್ಳುತ್ತದೆ ಎಂದು ಕೇಳಿ ಬಹಳ ಸಂತೋಷಪಟ್ಟು ತಮ್ಮ ದೇಶದಲ್ಲಿ ಜಾಗ ತೆಗೆದುಕೊಂಡಿರುತ್ತೇನೆ. ಈವರೆಗೂ ಕಸಿದುಕೊಂಡಿರುವುದಿಲ್ಲ. ಯುಗಾದಿಯ ಒಳಗಾಗಿ ತಾವು ದಯಮಾಡಿ ಸದರಿ ಜಮೀನನ್ನು ಯಾವುದಾದರೂ ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಂಡು ಈ ಬಡವನನ್ನು ಉದ್ಧರಿಸಬೇಕಾಗಿ ಬೇಡಿಕೆ." ಶ್ರೀರಾಮ ಅದನ್ನು ಇಂಗ್ಲಿಷಿಗೆ ಇಳಿಸಿದ. ಇಳಿಸುವಾಗ ಮಧ್ಯೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದ.

ಆ ಅರ್ಜಿ ದ್ವೀಪದಲ್ಲಿ ಸಿಡಿಲಿನಂತೆ ಬಿತ್ತು. ಪಾಪ, ಅಲ್ಲಿನ ಹೊಸ ಸರ್ಕಾರ ತನ್ನ ಮೇಲಿದ್ದ ಕೆಟ್ಟ ಹೆಸರನ್ನು ತೊಳೆದುಕೊಳ್ಳಲು ಹೆಣಗಾಡುತ್ತಿತ್ತು. ಕೆಂಪಿನಿಂದ ಹಳದಿಗಾದರೂ ಹೋಗೋಣ ಎಂದು ಅವರು ದೇಶದೇಶಕ್ಕೆ ಕೈಮುಗಿಯುತ್ತಿರುವಾಗ, ನನ್ನ ಜಮೀನು ಕಸಿದುಕೊಳ್ಳಿ ಎಂದು ಹೂಡಿಕೆದಾರನೊಬ್ಬ ತಾನೇ ಬರೆದುಕೊಟ್ಟರೆ ಏನೆಂದುಕೊಳ್ಳಬೇಕು? ಯಾರೋ ತಮ್ಮ ಅಧಿಕಾರಿಯೇ ಅವನನ್ನು ಹೆದರಿಸಿ ಬರೆಯಿಸಿರಬೇಕೆಂದು ಅವರು ಗಾಬರಿಯಾದರು. ವಾರದೊಳಗೆ ಅಲ್ಲಿನ ಮಂತ್ರಾಲಯದ ಒಬ್ಬ ದೊಡ್ಡ ಅಧಿಕಾರಿ, ಹೆಣ್ಣುಮಗಳು, ವಿಡಿಯೋದಲ್ಲಿ ಮಾತಾಡುತ್ತೇನೆಂದು ಹೇಳಿಕಳಿಸಿದರು.

ಶ್ರೀರಾಮನ ಜಗಲಿಯಲ್ಲಿ ರುದ್ರೇಶ ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ತೆರೆಯ ಮೇಲೆ ಆಯಮ್ಮ ಕೈಮುಗಿದರು. ಮಾತಾಡುತ್ತ ಮಾತಾಡುತ್ತ ಅವರ ಕಣ್ಣು ತುಂಬಿದವು.

"ನಿಮ್ಮನ್ನ ಹೆದರಿಸಿದವರು ಯಾರು ಹೇಳ್ರಿ, ಈಗಿಂದೀಗ ಅವನ ನೌಕರಿ ತಗೀತೇವಿ ಅಂತಾರ" ಎಂದು ಶ್ರೀರಾಮ ತಿಳಿಸಿದ.

"ಯಾರೂ ಹೆದರಸಿಲ್ಲ ಅನ್ರಿ. ಅದ ನನ್ನ ದುಃಖ."

ಶ್ರೀರಾಮ ಅದನ್ನು ಹೇಗೆ ಹೇಳಿದನೋ, ಆಯಮ್ಮ ಇನ್ನಷ್ಟು ಮರುಗಿದರು. ಗಿಡಗಳ ಮಾತು ಬಂತು, ಆಡುಗಳ ಮಾತು ಬಂತು. ನಮ್ಮ ದೇಶದಲ್ಲಿ ಹೋಟೆಲು ಕಟ್ಟಿದವರನ್ನು ನೋಡಿದ್ದೇವೆ, ಜೂಜಿನ ಮನೆ ಕಟ್ಟಿದವರನ್ನು ನೋಡಿದ್ದೇವೆ, ಬರಡು ಗುಡ್ಡದಲ್ಲಿ ತೋಟ ಮಾಡಿದ ಹೊರಗಿನವರನ್ನು ಇವತ್ತೇ ನೋಡಿದ್ದು ಎಂದು ಹೊಗಳಿದರು. ಆಮೇಲೆ ಎದ್ದು ನಿಂತು ಒಂದು ಆದೇಶವನ್ನು ಓದಿದರು. ಹಿಂದೆ ಅವರ ದೇಶದ ಬಾವುಟ ಕಾಣುತ್ತಿತ್ತು.

ಶ್ರೀರಾಮ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

"ಏನಂತ್ರಿ?" ಎಂದ ರುದ್ರೇಶ. "ಬಂದರ ಮಾಡ್ತಾರಂತೋ, ವಿಮಾನದ್ದೋ?"

"ರುದ್ರೇಶಪ್ಪಾ, ಗಟ್ಟಿ ಮನಸು ಮಾಡ್ರಿ. ನಿಮ್ಮ ಜಮೀನಿಗೆ ವಿಶೇಷ ರಕ್ಷಣಾ ಕೊಟ್ಟಾರ. ಇವತ್ತಿನಿಂದ ಯಾವ ಸರ್ಕಾರ ಬಂದ್ರೂ ಅದನ್ನ ಮುಟ್ಟೂ ಹಂಗಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ."

"ಹಂಗಲ್ರಿ. ಮುಟ್ರಿ ಅನ್ರಿ. ನನ್ನ ಕಡಿಂದ ಏನೂ ತಕರಾರಿಲ್ಲ, ಮುಟ್ರಿ ಅಂತ ಹೇಳ್ರಿ."

"ಹೇಳಿದೆ. ನಿಮ್ಮ ಸೌಜನ್ಯ ದೊಡ್ಡದು ಅಂತಾರ."

"ಹಂಗಾರ ಮಾರಿಬಿಡ್ತೇನಿ. ಬ್ಯಾರೆದವ್ರಿಗೆ ಮಾರ್ತೇನಿ."

ಶ್ರೀರಾಮ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ. "ರಕ್ಷಣಾ ಸಿಕ್ಕ ಜಮೀನು ಇಪ್ಪತ್ತು ವರ್ಷ ಮಾರೂ ಹಂಗಿಲ್ಲಂತ. ಅದೂ ಆ ಆದೇಶದಾಗ ಅದ."

ರುದ್ರೇಶ ಅಲ್ಲಿಂದ ಎದ್ದವನು ಬಸ್ಸಿಗೂ ಕಾಯದೆ ಸವಣೂರಿನಿಂದ ಬಂಕಾಪುರದ ದಾರಿ ಹಿಡಿದು ನಡೆದೇ ಹೊರಟ. ಅವನ ದುಃಖ ದೊಡ್ಡದಿತ್ತು, ನಿಜವಾಗಿ. ನಮ್ಮ ಸರ್ಕಾರಕ್ಕೆ ನಾನು ಬೇಡ, ಸರಿ, ಅದು ನಮ್ಮದು, ಅದರ ಸ್ವಭಾವ ಗೊತ್ತಿದ್ದದ್ದೇ. ಆದರೆ ಪರದೇಶದ, ಕಂಡವರದನ್ನೆಲ್ಲ ಕಸಿಯುತ್ತದೆಂದು ಜಗತ್ತಿಗೆಲ್ಲ ಹೆಸರಾದ ಸರ್ಕಾರಕ್ಕೂ ನನ್ನದೊಂದು ಬೇಡವಾಯಿತೇ? ಅಷ್ಟು ಕೀಳಾದೆನೇ ನಾನು? ದಾರಿಯಲ್ಲಿ ಲಾರಿಯವನೊಬ್ಬ ನಿಲ್ಲಿಸಿ, "ಹತ್ತಕೋರಿ" ಎಂದಾಗ ಅವನಿಗೆ ಅಳುವೇ ಬಂತು.

ಯುಗಾದಿ ಬಂತು. ಶೀಲಾ ಬೇವುಬೆಲ್ಲ ಕೈಗಿಟ್ಟು ಟ್ರಂಕು ತುಂಬಲು ಒಳಗೆ ಹೋದಳು. ಬಿಸಿಲು ಏರುವ ಹೊತ್ತಿಗೆ ಓಣಿಯಲ್ಲಿ ಟೆಂಪೋ ಸದ್ದಾಯಿತು. ಚಾಲಕನ ಪಕ್ಕದಿಂದ ಸರೋಜವ್ವ ಇಳಿದಳು. ಇಳಕಲ್ ಸೀರೆ, ಬಾಯಲ್ಲಿ ಎಲೆ, ಸೊಂಟದ ಮೇಲೆ ಕೈ. ಸೀದಾ ಒಳಗೆ ಹೋಗಿ ಒಂದೊಂದೇ ಸಾಮಾನನ್ನು ಮುಟ್ಟುತ್ತ, "ಇದು ಬರ್ತೈತಿ, ಇದು ಇಲ್ಲೇ ಇರ್ಲಿ" ಎನ್ನತೊಡಗಿದಳು. ಟ್ರಂಕು ಹೋಯಿತು, ಒಳಕಲ್ಲು ಹೋಯಿತು, ಹಾಸಿಗೆ ಹೋಯಿತು. ಓಣಿಯವರೆಲ್ಲ ಹೊಸ ಬಟ್ಟೆ ತೊಟ್ಟು ನೋಡಲು ನೆರೆದರು. ಶಂಭುಲಿಂಗನೂ ಬಂದು ನಿಂತ, ಇವತ್ತು ಅವನು ಮೀಸೆ ಹಿಡಿದಿರಲಿಲ್ಲ.

ರುದ್ರೇಶ ಕಟ್ಟೆಯ ಮೇಲೆ ಕಂಬ ತಬ್ಬಿಕೊಂಡು ಕುಳಿತಿದ್ದ. ಸರೋಜವ್ವ ಹೊರಗೆ ಬಂದು ಅವನ ಮುಂದೆ ನಿಂತಳು.

"ಎಲ್ಲಾ ಏರಿತು. ಇನ್ನ ನೀವ ಉಳದೀರಿ ಅಳಿಯಾರ."

"ನಾ ಬರಂಗಿಲ್ರಿ" ಎಂದ ರುದ್ರೇಶ. ಹೇಳಿದ ಮೇಲೆ, ಇಷ್ಟು ಜನರ ಮುಂದೆ ಸೋಲಬಾರದೆಂದು, "ಬಂದ್ರೂ ಸುಮ್ನ ಬರಂಗಿಲ್ಲ. ಏನ ಕೊಡ್ತೀರಿ?" ಎಂದು ಸೇರಿಸಿದ.

ಕೂಡಿದ ಮಂದಿಗೆ ಹುರುಪು ಬಂತು. ಇದು ಅವರಿಗೆ ಗೊತ್ತಿದ್ದ ವಿದ್ಯೆ. "ಮೊದಲನೇ ರೇಟಿಗೆ ಒಪ್ಪಬ್ಯಾಡ ರುದ್ರೇಶ" ಎಂದು ಒಬ್ಬ ಕೂಗಿದ. "ಮುಂಜಾನಿ ನಾಷ್ಟಾ ಬ್ಯಾರೆ ಹಿಡಸು" ಎಂದ ಇನ್ನೊಬ್ಬ. ಶಂಭುಲಿಂಗ ಮುಂದೆ ಬಂದು ತಮ್ಮನ ಕಿವಿಯಲ್ಲಿ, "ನಿಚ್ಚಣಿಕಿ ಹತ್ತಂಗಿಲ್ಲ ಅಂತ ಬರಿಸ್ಕೋ, ಬಾಯ್ಮಾತು ನಂಬಬ್ಯಾಡ" ಎಂದ. ಅಣ್ಣನ ಮೊದಲ ಒಳ್ಳೆಯ ಸಲಹೆ ಅದು.

ಸರೋಜವ್ವ ಎಲೆ ಉಗುಳಿ ಬಾಯಿ ಒರೆಸಿಕೊಂಡು ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು.

"ಎಲಿ ಕೊಯ್ಯಾಕ ಕೂಲಿ ಮಂದಿ ಸಿಗ್ತಾರ. ಅವರಿಗ್ಯಾಕ ಟೆಂಪೋ ಮಾಡ್ಕೊಂಡು ಬರ್ಲಿ?" ಎಂದಳು. ದನಿ ಸಣ್ಣದಾಗಿತ್ತು. "ಮನ್ಯಾಗ ಗಂಡಸರ ಮಾತು ಕೇಳಿ ಹನ್ನೆರಡು ವರ್ಷಾತು. ನೀವು ಹಬ್ಬಕ್ಕ ಬಂದು ಹೋದ್ರ ಆಮ್ಯಾಲ ನಾಕ ದಿನ ನನಗ ಊಟ ಸೇರಂಗಿಲ್ಲ. ವರ್ಷಾ ವರ್ಷಾ ಕೇಳಾಕತ್ತೇನಿ, ನೀವು ಒಲ್ಲೆ ಅಂತೀರಿ. ನೀವು ನನಗ ಬೇಕಾಗೀರಿ. ಅದಕ್ಕ ಬಂದೇನಿ."

ರುದ್ರೇಶನಿಗೆ ನಾಷ್ಟಾ, ನಿಚ್ಚಣಿಕೆ ಎಲ್ಲ ಮರೆತುಹೋಯಿತು. ಇಷ್ಟು ವರ್ಷದಲ್ಲಿ ಹಾವೇರಿಯಿಂದ ಹಿಡಿದು ಸಮುದ್ರದಾಚೆಯವರೆಗೆ ಅವನಿಗೆ ಆ ಮಾತನ್ನು ಒಬ್ಬರೂ ಹೇಳಿರಲಿಲ್ಲ. ಅವನು ಕಂಬ ಬಿಟ್ಟು ಎದ್ದ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಹೋಗಿ ಟೆಂಪೋದ ಹಿಂದೆ ಒಳಕಲ್ಲಿನ ಪಕ್ಕ ಏರಿ ಕೂತ.

ಜನರೆಲ್ಲ ಬೆಪ್ಪಾದರು.

"ರೇಟ ಕೇಳದನ ಏರಿದ್ನಲ್ಲೋ" ಎಂದು ಯಾರೋ ನಿರಾಸೆಯಿಂದ ಅಂದರು. ಶೀಲಾ ಬಾಗಿಲಿಗೆ ಬೀಗ ಹಾಕಿ ಬಂದು, "ಮುಂದ ಬರ್ರಿ, ಸೀಟೈತಿ" ಎಂದಳು. ಅವನು ಇಳಿದು ಮುಂದೆ ಹೋಗಿ, ಹೆಂಡತಿಗೂ ಅತ್ತೆಗೂ ಜಾಗ ಬಿಟ್ಟು ಒತ್ತಿ ಕೂತ. ಟೆಂಪೋ ಸವಣೂರಿನ ಕಡೆ ಹೊರಟಿತು.